ಕರಗಿದ ಉಕ್ಕಿಗೆ ಕಾಂತದ ಕಡಿವಾಣ

ಕಲಬುರಗಿ: ದಶಕಗಳ ಬೇಡಿಕೆಯ ಬಳಿಕ ಬೀದರ್–ಕಲಬುರಗಿ ರೈಲು ಮಾರ್ಗ ಅಕ್ಟೋಬರ್ 29, 2017ರಂದು ಲೋಕಾರ್ಪಣೆಗೊಂಡಿತು. ಸುಮಾರು 110 ಕಿಲೋಮೀಟರ್ ಉದ್ದದ ಈ ಮಾರ್ಗವು ಕಮಲಾಪುರ ಸೀಮೆಯ ಗುಡ್ಡಗಳನ್ನು ದಾಟಲು ಮರಗುತ್ತಿ ಬಳಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗವನ್ನು ಹಾದುಹೋಗುತ್ತದೆ. ಸುರಂಗ, ಸೇತುವೆಗಳು ಕಣ್ಣಿಗೆ ಕಾಣುವ ಕಾಮಗಾರಿಗಳು. ಆದರೆ ಪ್ರಯಾಣಿಕರ ಸುರಕ್ಷತೆ ನಿಂತಿರುವುದು ಎರಡು ಸಾಲು ಉಕ್ಕಿನ ಹಳಿಗಳ ಮೇಲೆ. ಮೀಟರಿಗೆ 52 ಕಿಲೋ ತೂಗುವ ಹಳಿಯ ಲೆಕ್ಕ ಹಿಡಿದರೂ ಇಷ್ಟು ಉದ್ದದ ಒಂಟಿ ಮಾರ್ಗಕ್ಕೆ 11,400 ಟನ್‌ಗೂ ಹೆಚ್ಚು ಉಕ್ಕು ಬೇಕಾಗುತ್ತದೆ.

ಹಳಿಯ ಹೊರಮೈ ನಯವಾಗಿದ್ದರೂ ಒಡಲಲ್ಲಿ ಕೂದಲೆಳೆಯಷ್ಟು ದೋಷ ಅಡಗಿರಬಹುದು. ಗಾಡಿಯ ಚಕ್ರಗಳು ಲಕ್ಷಾಂತರ ಬಾರಿ ಉರುಳಿದ ಮೇಲೆ ಅದೇ ದೋಷ ಬಿರುಕಾಗಿ ಬೆಳೆಯಬಹುದು. ಇಂಥ ದೋಷಗಳ ಹುಟ್ಟು ಬಹುಮಟ್ಟಿಗೆ ನಿರ್ಧಾರವಾಗುವುದು ಉಕ್ಕು ದ್ರವರೂಪದಿಂದ ಘನರೂಪಕ್ಕೆ ತಿರುಗುವ ಕೆಲವೇ ನಿಮಿಷಗಳಲ್ಲಿ. ಆ ಹೊತ್ತಿನಲ್ಲಿ 1,500 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ತಾಪದಲ್ಲಿರುವ ದ್ರವಲೋಹದೊಳಗೆ ಯಾವ ಸೌಟನ್ನೂ ಅದ್ದಿ ಕಲಕಲಾಗದು, ಯಾವ ಹಲಗೆಯನ್ನೂ ಅಡ್ಡವಿಟ್ಟು ತಡೆಯಲಾಗದು. ಮುಟ್ಟದೆಯೇ ಈ ಎರಡೂ ಕೆಲಸಗಳನ್ನು ಮಾಡಬಲ್ಲ ಸಾಧನವೆಂದರೆ ಕಾಂತಕ್ಷೇತ್ರ. ಇಂದು ಜಗತ್ತಿನ ದೊಡ್ಡ ಉಕ್ಕು ಕಾರ್ಖಾನೆಗಳಲ್ಲಿ ಈ ತಂತ್ರ ಸಾಮಾನ್ಯವಾಗಿ ಬಳಕೆಯಲ್ಲಿದೆ.

ನಿರಂತರ ಎರಕ ಎಂದರೇನು?

ಹಿಂದೆ ಕರಗಿದ ಉಕ್ಕನ್ನು ಬಿಡಿಬಿಡಿ ಅಚ್ಚುಗಳಿಗೆ ಹೊಯ್ದು, ಆರಿದ ಗಟ್ಟಿಗಳನ್ನು ಹೊರತೆಗೆದು, ಮತ್ತೆ ಕಾಯಿಸಿ ಉರುಳು ಯಂತ್ರಕ್ಕೆ ಕೊಡಲಾಗುತ್ತಿತ್ತು. ಇದರಲ್ಲಿ ಸಮಯ, ಇಂಧನ ಮತ್ತು ಲೋಹ ಮೂರೂ ಪೋಲಾಗುತ್ತಿದ್ದವು. 20ನೇ ಶತಮಾನದ ಉತ್ತರಾರ್ಧದಲ್ಲಿ ಈ ಪದ್ಧತಿಯ ಸ್ಥಾನವನ್ನು ನಿರಂತರ ಎರಕ ಆಕ್ರಮಿಸಿತು. ಇಂದು ಜಗತ್ತಿನ ಉಕ್ಕಿನ ಬಹುಪಾಲು ಈ ವಿಧಾನದಲ್ಲೇ ಎರಕಗೊಳ್ಳುತ್ತದೆ.

ಇದರ ಕ್ರಮ ಹೀಗಿದೆ. ಶುದ್ಧೀಕರಿಸಿದ ದ್ರವ ಉಕ್ಕನ್ನು ಲೇಡಲ್ ಎಂಬ ದೈತ್ಯ ಬಾನಿಯಲ್ಲಿ ಎತ್ತರದ ವೇದಿಕೆಗೆ ತರಲಾಗುತ್ತದೆ. ಅಲ್ಲಿಂದ ಅದು ಟಂಡಿಶ್ ಎಂಬ ತೊಟ್ಟಿಗೆ ಇಳಿಯುತ್ತದೆ. ಟಂಡಿಶ್‌ನ ತಳದಿಂದ ಶಾಖನಿರೋಧಕ ನಳಿಕೆಯ ಮೂಲಕ ಉಕ್ಕು ತಳವಿಲ್ಲದ ತಾಮ್ರದ ಅಚ್ಚಿಗೆ ಸುರಿಯುತ್ತದೆ. ಅಚ್ಚಿನ ಗೋಡೆಗಳ ಹಿಂದೆ ರಭಸವಾಗಿ ನೀರು ಹರಿಯುತ್ತಿರುತ್ತದೆ. ಗೋಡೆಗೆ ತಾಗಿದ ಉಕ್ಕು ಕೂಡಲೇ ಹೆಪ್ಪುಗಟ್ಟಿ ತೆಳುವಾದ ಚಿಪ್ಪಾಗುತ್ತದೆ. ಒಂದು ಮೀಟರಿಗಿಂತ ಕಡಿಮೆ ಉದ್ದದ ಆ ಅಚ್ಚಿನಿಂದ ಹೊರಬರುವಾಗ ಚಿಪ್ಪಿನ ದಪ್ಪ ಒಂದೆರಡು ಸೆಂಟಿಮೀಟರ್ ಮಾತ್ರ. ಒಳಗಿನದೆಲ್ಲ ಇನ್ನೂ ದ್ರವ.

ಈ ಎಳೆಯನ್ನು ರೋಲರುಗಳು ಕೆಳಗೆಳೆಯುತ್ತ, ನೀರಿನ ಸಿಂಪರಣೆಯಿಂದ ತಣಿಸುತ್ತ ಸಾಗುತ್ತವೆ. ಸುಮಾರು 220 ಮಿಲಿಮೀಟರ್ ದಪ್ಪದ ಚಪ್ಪಡಿಯೊಂದು ನಡುವಿನವರೆಗೂ ಗಟ್ಟಿಯಾಗಲು ಹೆಚ್ಚುಕಡಿಮೆ 18 ನಿಮಿಷ ಬೇಕು. ನಿಮಿಷಕ್ಕೆ 1.2 ಮೀಟರ್ ವೇಗದಲ್ಲಿ ಎಳೆದರೆ ಅಷ್ಟರೊಳಗೆ ಅದು 20 ಮೀಟರಿಗೂ ದೂರ ಸಾಗಿರುತ್ತದೆ. ಅಂದರೆ ಹೊರಗೆ ಕೆಂಡದಂತೆ ಗಟ್ಟಿಯಾಗಿ ಕಾಣುವ ಆ ಪಟ್ಟಿಯ ಒಡಲಲ್ಲಿ ಉದ್ದಕ್ಕೂ ದ್ರವ ಉಕ್ಕಿನ ಕಾಲುವೆಯೊಂದು ಇರುತ್ತದೆ. ಅಗಲವಾದ ಪಟ್ಟಿಯನ್ನು ಸ್ಲ್ಯಾಬ್ ಎಂದೂ, ದಪ್ಪನೆಯ ಚೌಕಟ್ಟಿನದನ್ನು ಬ್ಲೂಮ್ ಎಂದೂ, ಸಣ್ಣ ಚೌಕವನ್ನು ಬಿಲ್ಲೆಟ್ ಎಂದೂ ಕರೆಯುತ್ತಾರೆ. ಸ್ಲ್ಯಾಬಿನಿಂದ ತಗಡು, ಬ್ಲೂಮಿನಿಂದ ಹಳಿ ಮತ್ತು ಅಚ್ಚುಗಂಬಿ, ಬಿಲ್ಲೆಟಿನಿಂದ ಮನೆ ಕಟ್ಟುವ ಸರಳು ತಯಾರಾಗುತ್ತವೆ.

ಒಡಲಲ್ಲಿ ಹುಟ್ಟುವ ಎರಡು ದೋಷಗಳು

ಈ ದ್ರವಗರ್ಭದಲ್ಲಿ ಎರಡು ಬಗೆಯ ತೊಂದರೆಗಳು ಹುಟ್ಟಿಕೊಳ್ಳುತ್ತವೆ.

ಮೊದಲನೆಯದು ರಭಸದ್ದು. ಸ್ಲ್ಯಾಬ್ ಅಚ್ಚಿನಲ್ಲಿ ನಳಿಕೆಯ ಎರಡೂ ಬದಿಯ ಕಿಂಡಿಗಳಿಂದ ಉಕ್ಕು ಧಾರೆಯಾಗಿ ಚಿಮ್ಮಿ ಇಕ್ಕೆಲದ ಗೋಡೆಗಳಿಗೆ ಬಡಿಯುತ್ತದೆ. ಅಲ್ಲಿ ಅದು ಎರಡಾಗಿ ಸೀಳಿ, ಒಂದು ಪಾಲು ಮೇಲಕ್ಕೂ ಇನ್ನೊಂದು ಪಾಲು ಆಳಕ್ಕೂ ತಿರುಗುತ್ತದೆ. ಅಚ್ಚಿನಲ್ಲಿರುವ ಉಕ್ಕಿನ ಮೇಲ್ಮೈಯನ್ನು ಗಾಳಿಯಿಂದ ರಕ್ಷಿಸಲು ಒಂದು ಬಗೆಯ ಪುಡಿಯನ್ನು ಉದುರಿಸಲಾಗಿರುತ್ತದೆ. ಅದು ಕರಗಿ, ಗೋಡೆಗೂ ಚಿಪ್ಪಿಗೂ ನಡುವೆ ಎಣ್ಣೆಯಂತೆ ಕೆಲಸ ಮಾಡುತ್ತದೆ. ಮೇಲಕ್ಕೆ ತಿರುಗಿದ ಧಾರೆ ಅತಿ ರಭಸದ್ದಾದರೆ ಈ ಕರಗಿದ ಪುಡಿಯ ಹನಿಗಳನ್ನೇ ಉಕ್ಕಿನೊಳಗೆ ಎಳೆದುಕೊಳ್ಳುತ್ತದೆ. ಆಳಕ್ಕಿಳಿದ ಧಾರೆಯು ಅಲ್ಯೂಮಿನಾದಂಥ ಕಲ್ಮಶದ ಕಣಗಳನ್ನೂ ಅನಿಲದ ಗುಳ್ಳೆಗಳನ್ನೂ ಒಯ್ದು ತಳದಲ್ಲಿ ಸಿಲುಕಿಸುತ್ತದೆ. ಮುಂದೆ ಆ ಸ್ಲ್ಯಾಬನ್ನು ಒಂದು ಮಿಲಿಮೀಟರಿಗಿಂತ ತೆಳುವಾದ ಹಾಳೆಯಾಗಿ ಉರುಳಿಸಿದಾಗ ಆ ಕಣಗಳು ಉದ್ದನೆಯ ಗೀರುಗಳಾಗಿ ಮೇಲೆದ್ದು ಕಾಣುತ್ತವೆ. ಕಾರಿನ ಬಾಗಿಲಿಗೆ ಅಂಥ ಹಾಳೆ ನಿರುಪಯುಕ್ತ.

ಎರಡನೆಯದು ಹಂಚಿಕೆಯ ದೋಷ. ಐಸ್ ಕ್ಯಾಂಡಿ ಹೆಪ್ಪುಗಟ್ಟುವಾಗ ಹೊರಭಾಗದಲ್ಲಿ ನೀರು ಮೊದಲು ಗಟ್ಟಿಯಾಗಿ, ಬಣ್ಣ ಮತ್ತು ಸಕ್ಕರೆ ನಡುಭಾಗದಲ್ಲಿ ದಟ್ಟವಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಉಕ್ಕಿನದೂ ಇದೇ ಸ್ವಭಾವ. ಹರಳುಗಳು ಗೋಡೆಯಿಂದ ನಡುವಿನತ್ತ ಗಿಡದ ಟೊಂಗೆಗಳಂತೆ ಬೆಳೆಯುತ್ತ ಬರುವಾಗ ಇಂಗಾಲ, ಗಂಧಕ, ರಂಜಕ, ಮ್ಯಾಂಗನೀಸ್‌ಗಳನ್ನು ಉಳಿದ ದ್ರವದೊಳಕ್ಕೆ ತಳ್ಳುತ್ತವೆ. ಕೊನೆಯಲ್ಲಿ ಹೆಪ್ಪುಗಟ್ಟುವ ನಟ್ಟನಡುವಿನ ಎಳೆಯಲ್ಲಿ ಇವೆಲ್ಲ ಒಟ್ಟುಗೂಡುತ್ತವೆ. ಅಲ್ಲಿನ ಉಕ್ಕು ಸುತ್ತಲಿನದಕ್ಕಿಂತ ಗಡುಸು ಮತ್ತು ಭಿದುರ. ಜೊತೆಗೆ ಉಕ್ಕು ಗಟ್ಟಿಯಾಗುವಾಗ ಕುಗ್ಗುವುದರಿಂದ ನಡುವೆ ಸಣ್ಣ ಪೊಳ್ಳುಗಳೂ ಉಳಿಯುತ್ತವೆ.

ಕಾಂತ ಇಲ್ಲಿ ಸೆಳೆಯುವುದಿಲ್ಲ

ಕಾಂತ ಕಬ್ಬಿಣವನ್ನು ಸೆಳೆಯುತ್ತದೆ, ಆದ್ದರಿಂದ ಕರಗಿದ ಉಕ್ಕನ್ನೂ ಹಾಗೆಯೇ ಎಳೆಯುತ್ತದೆ ಎಂಬುದು ಸಾಮಾನ್ಯ ಗ್ರಹಿಕೆ. ಇದು ತಪ್ಪು. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ತಲುಪಿದೊಡನೆ ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ. ಅದರ ಎರಡರಷ್ಟು ತಾಪದಲ್ಲಿರುವ ದ್ರವ ಉಕ್ಕಿನ ಮಟ್ಟಿಗೆ ಕಾಂತದ ಸೆಳೆತ ನಗಣ್ಯ.

ಇಲ್ಲಿ ಕೆಲಸ ಮಾಡುವುದು ಬೇರೊಂದು ನಿಯಮ. ದ್ರವ ಉಕ್ಕು ವಿದ್ಯುತ್ತಿನ ವಾಹಕ. ವಾಹಕವೊಂದು ಕಾಂತಕ್ಷೇತ್ರದಲ್ಲಿ ಚಲಿಸಿದರೆ, ಇಲ್ಲವೇ ನಿಂತ ವಾಹಕದ ಸುತ್ತ ಕಾಂತಕ್ಷೇತ್ರವೇ ಚಲಿಸಿದರೆ, ವಾಹಕದೊಳಗೆ ಸುಳಿಸುಳಿಯಾಗಿ ವಿದ್ಯುತ್ ಹುಟ್ಟುತ್ತದೆ. ಈ ವಿದ್ಯುತ್ತೂ ಕಾಂತಕ್ಷೇತ್ರವೂ ಸೇರಿದಲ್ಲಿ ಬಲವೊಂದು ಉಂಟಾಗುತ್ತದೆ. ಇದೇ ಲೊರೆಂಟ್ಸ್ ಬಲ.

ಇದಕ್ಕೆ ಒಳ್ಳೆಯ ನಿದರ್ಶನ ಮನೆಮನೆಯ ಗೋಡೆಯ ಮೇಲಿದ್ದ ಹಳೆಯ ವಿದ್ಯುತ್ ಮೀಟರ್. ಡಿಜಿಟಲ್ ಮೀಟರುಗಳು ಬರುವ ಮುನ್ನ ಗಾಜಿನೊಳಗೆ ತಿರುಗುತ್ತಿದ್ದ ಆ ತಟ್ಟೆ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಮ್ ಕಾಂತಕ್ಕೆ ಅಂಟುವುದಿಲ್ಲ. ಆದರೂ ಸುರುಳಿಗಳು ಹುಟ್ಟಿಸುವ ಬದಲಾಗುವ ಕಾಂತಕ್ಷೇತ್ರ ಆ ತಟ್ಟೆಯನ್ನು ತಿರುಗಿಸುತ್ತಿತ್ತು. ಅದೇ ತಟ್ಟೆಯ ಅಂಚಿನಲ್ಲಿ ಅಳವಡಿಸಿದ ಶಾಶ್ವತ ಕಾಂತ ಅದರ ಓಟಕ್ಕೆ ತಡೆಯಾಗಿ, ವೇಗವನ್ನು ಹತೋಟಿಯಲ್ಲಿಡುತ್ತಿತ್ತು. ಚಲಿಸುವ ಕ್ಷೇತ್ರ ಲೋಹವನ್ನು ಓಡಿಸುತ್ತದೆ, ನಿಂತ ಕ್ಷೇತ್ರ ಓಡುವ ಲೋಹವನ್ನು ನಿಧಾನಗೊಳಿಸುತ್ತದೆ. ಉಕ್ಕಿನ ಎರಕದಲ್ಲಿ ಬಳಸುವ ಎರಡು ಮುಖ್ಯ ತಂತ್ರಗಳು ಇವೇ: ಒಂದು ಕಲಕುವಿಕೆ, ಇನ್ನೊಂದು ತಡೆ.

ಕಲಕುವ ಕಾಂತ

ಹೊಲದ ಪಂಪ್‌ಸೆಟ್ಟಿನ ತ್ರೀ ಫೇಸ್ ಮೋಟಾರಿನಲ್ಲಿ ಹೊರಗಿನ ಸುರುಳಿಗಳು ತಿರುಗುವ ಕಾಂತಕ್ಷೇತ್ರವನ್ನು ನಿರ್ಮಿಸುತ್ತವೆ. ಒಳಗಿನ ರೋಟರ್ ಆ ಕ್ಷೇತ್ರದ ಬೆನ್ನು ಹಿಡಿದು ಸುತ್ತುತ್ತದೆ. ಎರಡಕ್ಕೂ ಸ್ಪರ್ಶವಿಲ್ಲ. ವಿದ್ಯುತ್ಕಾಂತೀಯ ಕಲಕು ಯಂತ್ರವೂ ಹೀಗೆಯೇ. ಅಚ್ಚಿನ ಸುತ್ತಲಿನ ಸುರುಳಿಗಳು ಮೋಟಾರಿನ ಹೊರಭಾಗವಾದರೆ, ಒಳಗಿನ ದ್ರವ ಉಕ್ಕೇ ರೋಟರ್. ಉಕ್ಕು ಸೆಕೆಂಡಿಗೆ ಹತ್ತಾರು ಸೆಂಟಿಮೀಟರ್ ವೇಗದಲ್ಲಿ ಸುತ್ತತೊಡಗುತ್ತದೆ.

ಆದರೆ ಒಂದು ಅಡಚಣೆಯಿದೆ. ಅಚ್ಚು ತಾಮ್ರದ್ದು. ತಾಮ್ರ ಉತ್ತಮ ವಾಹಕವಾದ್ದರಿಂದ ವೇಗವಾಗಿ ಬದಲಾಗುವ ಕಾಂತಕ್ಷೇತ್ರವನ್ನು ತಾನೇ ತಡೆದುಬಿಡುತ್ತದೆ. ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತನ್ನು ಬಳಸಿದರೆ ತಾಮ್ರದಲ್ಲಿ ಸುಮಾರು 9 ಮಿಲಿಮೀಟರ್ ಒಳಹೋಗುವಷ್ಟರಲ್ಲಿ ಕ್ಷೇತ್ರದ ಬಲ ಮೂರನೇ ಒಂದರಷ್ಟರ ಸಮೀಪಕ್ಕೆ ಇಳಿಯುತ್ತದೆ. 5 ಹರ್ಟ್ಸ್ ಬಳಸಿದರೆ ಅದೇ ಇಳಿತಕ್ಕೆ ಸುಮಾರು 30 ಮಿಲಿಮೀಟರ್ ಬೇಕು. ಆದಕಾರಣ ಅಚ್ಚಿನ ಬಳಿಯ ಕಲಕು ಯಂತ್ರಗಳಿಗೆ ಕೆಲವೇ ಹರ್ಟ್ಸ್‌ಗಳ ವಿದ್ಯುತ್ತನ್ನು ವಿಶೇಷ ಪರಿವರ್ತಕಗಳ ಮೂಲಕ ಒದಗಿಸಲಾಗುತ್ತದೆ.

ಕಲಕುವಿಕೆಯ ಮುಖ್ಯ ಫಲ ಹರಳುಗಳ ರಚನೆಯಲ್ಲಿ ಕಾಣುತ್ತದೆ. ಸುತ್ತುವ ದ್ರವವು ಟೊಂಗೆಯಂಥ ಹರಳುಗಳ ತುದಿಗಳನ್ನು ಬೇರ್ಪಡಿಸಿ ಒಡಲಿನ ತುಂಬ ಹರಡುತ್ತದೆ. ಒಂದೊಂದು ತುಣುಕೂ ಹೊಸ ಹರಳಿಗೆ ಬೀಜವಾಗುತ್ತದೆ. ದ್ರವದ ತಾಪ ಎಲ್ಲೆಡೆ ಸಮವಾಗುತ್ತದೆ. ಪರಿಣಾಮವಾಗಿ ಗೋಡೆಯಿಂದ ಗೋಡೆಗೆ ಸಾಲಾಗಿ ಬೆಳೆಯುವ ಉದ್ದ ಹರಳುಗಳ ಬದಲು, ನಡುಭಾಗದಲ್ಲಿ ಎಲ್ಲ ದಿಕ್ಕಿಗೂ ಸಮನಾದ ಸಣ್ಣ ಹರಳುಗಳು ತುಂಬಿಕೊಳ್ಳುತ್ತವೆ. ಕೊನೆಗೆ ಉಳಿಯುವ ದ್ರವ ಒಂದೇ ಎಳೆಯಲ್ಲಿ ಸೇರದೆ ಸಾವಿರಾರು ಸಣ್ಣ ಸಂದುಗಳಲ್ಲಿ ಹಂಚಿಹೋಗುತ್ತದೆ.

ಕಲಕು ಯಂತ್ರವನ್ನು ಮೂರು ಕಡೆ ಇಡಬಹುದು. ಅಚ್ಚಿನ ಬಳಿ ಇಟ್ಟರೆ ಮೇಲ್ಪದರವೂ ಸ್ವಚ್ಛವಾಗುತ್ತದೆ. ಗುಳ್ಳೆ ಮತ್ತು ಕಲ್ಮಶಗಳು ಚಿಪ್ಪಿಗೆ ಅಂಟದೆ ತೊಳೆದುಹೋಗುತ್ತವೆ. ಅಚ್ಚಿನ ಕೆಳಗೆ, ಎಳೆಯ ಹಾದಿಯಲ್ಲಿ ಇಟ್ಟರೆ ಸಣ್ಣ ಹರಳುಗಳ ವಲಯ ವಿಸ್ತರಿಸುತ್ತದೆ. ಉಕ್ಕು ಪೂರ್ತಿ ಹೆಪ್ಪುಗಟ್ಟುವ ತಾಣದ ಸ್ವಲ್ಪ ಮೊದಲು ಇಟ್ಟರೆ ನಡುಭಾಗದ ಸಾಂದ್ರತೆ ತಗ್ಗುತ್ತದೆ. ಇಂಗಾಲದ ಪ್ರಮಾಣ ಹೆಚ್ಚಿರುವ ಉಕ್ಕಿಗೆ ಈ ಕೊನೆಯ ಹಂತದ ಕಲಕುವಿಕೆ ವಿಶೇಷವಾಗಿ ಉಪಯುಕ್ತ.

ತಡೆಯುವ ಕಾಂತ

ಸ್ಲ್ಯಾಬ್ ಅಚ್ಚಿನ ರಭಸದ ಧಾರೆಗೆ ಬೇಕಾಗಿರುವುದು ಕಲಕುವಿಕೆಯಲ್ಲ, ಲಗಾಮು. ಅಲ್ಲಿ ಅಚ್ಚಿನ ಅಗಲವಾದ ಎರಡು ಗೋಡೆಗಳ ಹಿಂದೆ ದೊಡ್ಡ ವಿದ್ಯುತ್ಕಾಂತಗಳನ್ನಿಟ್ಟು, ಸ್ಥಿರವಾದ ಕಾಂತಕ್ಷೇತ್ರವನ್ನು ದಪ್ಪದ ದಿಕ್ಕಿನಲ್ಲಿ ಹಾಯಿಸಲಾಗುತ್ತದೆ. ಸ್ಥಿರ ಕ್ಷೇತ್ರಕ್ಕೆ ತಾಮ್ರದ ಅಡ್ಡಿಯಿಲ್ಲ. ಧಾರೆಯು ಈ ಕ್ಷೇತ್ರವನ್ನು ಅಡ್ಡ ಹಾಯುವಾಗ ಅದರೊಳಗೇ ವಿದ್ಯುತ್ ಹುಟ್ಟಿ, ಚಲನೆಗೆ ವಿರುದ್ಧವಾದ ಬಲ ಏಳುತ್ತದೆ. ಇದನ್ನು ವಿದ್ಯುತ್ಕಾಂತೀಯ ಬ್ರೇಕ್ ಎನ್ನುತ್ತಾರೆ.

ಇದರ ಬಲ ಎಷ್ಟೆಂಬುದಕ್ಕೆ ಒಂದು ಸ್ಥೂಲ ಲೆಕ್ಕ ಹಾಕಬಹುದು. ಇಂಥ ಬ್ರೇಕುಗಳಲ್ಲಿ ಬಳಸುವ ಕ್ಷೇತ್ರ ಸಾಮಾನ್ಯವಾಗಿ ಟೆಸ್ಲಾದ ಹತ್ತರಲ್ಲಿ ಕೆಲವು ಪಾಲಿನಷ್ಟು. 0.3 ಟೆಸ್ಲಾ ಎಂದಿಟ್ಟುಕೊಂಡರೆ ಅದು ಕರ್ನಾಟಕದ ನೆಲದ ಮೇಲಿನ ಭೂಕಾಂತಕ್ಷೇತ್ರಕ್ಕಿಂತ ಏಳು ಸಾವಿರ ಪಟ್ಟು ಪ್ರಬಲ. ಸೆಕೆಂಡಿಗೆ ಒಂದು ಮೀಟರ್ ವೇಗದ ಉಕ್ಕಿನ ಧಾರೆಗೆ ಈ ಕ್ಷೇತ್ರ ಒಡ್ಡಬಲ್ಲ ಗರಿಷ್ಠ ತಡೆ ಘನಮೀಟರಿಗೆ ಸುಮಾರು 63,000 ನ್ಯೂಟನ್. ಅಷ್ಟೇ ಉಕ್ಕಿನ ತೂಕ ಸುಮಾರು 69,000 ನ್ಯೂಟನ್. ಅಂದರೆ ಕಣ್ಣಿಗೆ ಕಾಣದ ಈ ಕೈ, ಉಕ್ಕಿನ ಸ್ವಂತ ಭಾರಕ್ಕೆ ಹತ್ತಿರವಾದ ಬಲದಿಂದ ಅದನ್ನು ಹಿಡಿಯಬಲ್ಲದು. ವಾಸ್ತವದಲ್ಲಿ ಪ್ರೇರಿತ ವಿದ್ಯುತ್ ಸುತ್ತಿ ಬರುವ ದಾರಿಯನ್ನು ಅನುಸರಿಸಿ ಬಲ ಇದಕ್ಕಿಂತ ಕಡಿಮೆಯಿರುತ್ತದೆ.

ಈ ಬ್ರೇಕಿನ ವಿಶೇಷವೆಂದರೆ ಅದು ತನ್ನಷ್ಟಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಧಾರೆ ವೇಗವಾದಷ್ಟೂ ತಡೆ ಹೆಚ್ಚು, ನಿಧಾನವಾದಷ್ಟೂ ತಡೆ ಕಡಿಮೆ. ನಿಂತ ಉಕ್ಕಿಗೆ ತಡೆಯೇ ಇಲ್ಲ. ಕ್ಷೇತ್ರವನ್ನು ಇಮ್ಮಡಿಗೊಳಿಸಿದರೆ ತಡೆ ನಾಲ್ಕು ಪಟ್ಟಾಗುತ್ತದೆ.

ಇತಿಹಾಸದ ಹೆಜ್ಜೆಗಳು

ಹರಿಯುವ ವಾಹಕ ದ್ರವ ಮತ್ತು ಕಾಂತಕ್ಷೇತ್ರದ ಸಂಬಂಧವನ್ನು ಮೊದಲು ಪರೀಕ್ಷಿಸಿದವರಲ್ಲಿ ಮೈಕೆಲ್ ಫ್ಯಾರಡೆ ಪ್ರಮುಖರು. ಥೇಮ್ಸ್ ನದಿಯ ನೀರು ಭೂಕಾಂತಕ್ಷೇತ್ರವನ್ನು ಹಾಯುವಾಗ ವಿದ್ಯುತ್ ಹುಟ್ಟಬೇಕೆಂದು ತರ್ಕಿಸಿದ ಅವರು 1832ರ ಜನವರಿಯಲ್ಲಿ ಲಂಡನ್ನಿನ ವಾಟರ್‌ಲೂ ಸೇತುವೆಯಿಂದ ತಾಮ್ರದ ಫಲಕಗಳನ್ನು ನೀರಿಗಿಳಿಸಿ ಅಳೆಯಲು ಯತ್ನಿಸಿದರು. ಅಂದಿನ ಉಪಕರಣಗಳಿಗೆ ಆ ಸೂಕ್ಷ್ಮ ವಿದ್ಯುತ್ ದಕ್ಕಲಿಲ್ಲ. ಡೆನ್ಮಾರ್ಕಿನ ಜೂಲಿಯಸ್ ಹಾರ್ಟ್‌ಮನ್ 1937ರಲ್ಲಿ ಪಾದರಸದ ಹರಿವಿನ ಮೇಲೆ ಕಾಂತಕ್ಷೇತ್ರದ ಪ್ರಭಾವವನ್ನು ಕುರಿತು ಪ್ರಕಟಿಸಿದ ಅಧ್ಯಯನ ಈ ಶಾಸ್ತ್ರಕ್ಕೆ ಗಟ್ಟಿ ಬುನಾದಿ ಹಾಕಿತು. ಇದೇ ಕ್ಷೇತ್ರದಲ್ಲಿನ ಮೂಲಭೂತ ಕಾರ್ಯಕ್ಕಾಗಿ ಸ್ವೀಡನ್ನಿನ ಹಾನೆಸ್ ಆಲ್ವೆನ್ 1970ರಲ್ಲಿ ಭೌತಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದರು.

ಕಾರ್ಖಾನೆಗೆ ಇದನ್ನು ತಂದ ಕೀರ್ತಿ ಸ್ವೀಡನ್ನಿನ ಆಸಿಯಾ ಕಂಪನಿಗೆ ಸಲ್ಲುತ್ತದೆ. 1940ರ ದಶಕದಲ್ಲಿ ಅದು ವಿದ್ಯುತ್ ಕುಲುಮೆಯೊಳಗಿನ ಉಕ್ಕನ್ನು ಕಲಕುವ ಯಂತ್ರವನ್ನು ರೂಪಿಸಿತು. ನಿರಂತರ ಎರಕ ವ್ಯಾಪಕವಾದ ಮೇಲೆ ಕಲಕುವಿಕೆ ಅಚ್ಚಿನತ್ತ ಸಾಗಿತು. 1980ರ ದಶಕದ ಆರಂಭದಲ್ಲಿ ಜಪಾನಿನ ಕವಾಸಾಕಿ ಸ್ಟೀಲ್ ಕಂಪನಿಯು ಆಸಿಯಾದ ಜೊತೆಗೂಡಿ ಮಿಜುಶಿಮಾ ಕಾರ್ಖಾನೆಯಲ್ಲಿ ಸ್ಲ್ಯಾಬ್ ಅಚ್ಚಿಗೆ ಕಾಂತದ ಬ್ರೇಕನ್ನು ಅಳವಡಿಸಿತು. ಮೊದಲ ಬ್ರೇಕುಗಳು ಧಾರೆಯ ಹಾದಿಯಲ್ಲಿ ಎರಡು ಕಡೆ ಮಾತ್ರ ಕ್ಷೇತ್ರವನ್ನು ಒಡ್ಡುತ್ತಿದ್ದವು. ಧಾರೆ ಅವುಗಳನ್ನು ಬಳಸಿ ಪಕ್ಕದಿಂದ ನುಸುಳುತ್ತಿದ್ದುದರಿಂದ, ಮುಂದೆ ಅಚ್ಚಿನ ಪೂರ್ಣ ಅಗಲಕ್ಕೂ ಕ್ಷೇತ್ರವನ್ನು ಚಾಚುವ ವಿನ್ಯಾಸಗಳೂ, ಮೇಲ್ಮೈ ಬಳಿ ಒಂದು ಮತ್ತು ನಳಿಕೆಯ ಕೆಳಗೆ ಇನ್ನೊಂದು ಕ್ಷೇತ್ರವಿರುವ ವಿನ್ಯಾಸಗಳೂ ಬಂದವು. ಆಸಿಯಾ 1988ರಲ್ಲಿ ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೇರಿ ಕಂಪನಿಯೊಂದಿಗೆ ವಿಲೀನಗೊಂಡು ಎಬಿಬಿ ಆಯಿತು.

ಕರ್ನಾಟಕದ ನಂಟು

ಕರ್ನಾಟಕದ ಉಕ್ಕಿನ ಕಥೆ ಆರಂಭವಾಗುವುದು ಭದ್ರಾವತಿಯಿಂದ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಅಲ್ಲಿನ ಕಾರ್ಖಾನೆ 1923ರಲ್ಲಿ ಇದ್ದಿಲನ್ನು ಉರಿಸಿ ಕಬ್ಬಿಣ ತೆಗೆಯತೊಡಗಿತು. ಮುಂದೆ ಅವರ ಹೆಸರನ್ನೇ ಪಡೆದ ಆ ಸಂಸ್ಥೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು.

ಕಲಬುರಗಿ ಕಂದಾಯ ವಿಭಾಗಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕು ಕಾರ್ಖಾನೆಗೆ 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದರು. ಸರಕಾರಿ ಯೋಜನೆ ಕೈಗೂಡಲಿಲ್ಲ. 1994ರಲ್ಲಿ ಸ್ಥಾಪನೆಯಾದ ಜಿಂದಾಲ್ ವಿಜಯನಗರ ಸ್ಟೀಲ್ ಅಲ್ಲಿ ಕಾರ್ಖಾನೆ ಕಟ್ಟಿತು. 2005ರಲ್ಲಿ ಅದು ಜೆಎಸ್‌ಡಬ್ಲ್ಯು ಸ್ಟೀಲ್ ಆಯಿತು. ವರ್ಷಕ್ಕೆ ಒಂದು ಕೋಟಿ ಟನ್‌ಗೂ ಮೀರಿದ ಸಾಮರ್ಥ್ಯದ ಈ ಕಾರ್ಖಾನೆಯಲ್ಲಿ ತಗಡಿಗಾಗಿ ಸ್ಲ್ಯಾಬ್, ಸರಳಿಗಾಗಿ ಬಿಲ್ಲೆಟ್ ಎರಡೂ ನಿರಂತರ ಎರಕದಲ್ಲೇ ತಯಾರಾಗುತ್ತವೆ.

ಇಲ್ಲೊಂದು ಕೊಂಡಿ ಗಮನಾರ್ಹ. ಕಾಂತದ ಬ್ರೇಕಿಗೆ ನಾಂದಿ ಹಾಡಿದ ಕವಾಸಾಕಿ ಸ್ಟೀಲ್ ಮುಂದೆ ಎನ್‌ಕೆಕೆ ಕಂಪನಿಯೊಂದಿಗೆ ಕೂಡಿ ಜೆಎಫ್‌ಇ ಆಯಿತು. ಅದೇ ಜೆಎಫ್‌ಇ ಸ್ಟೀಲ್ 2010ರಲ್ಲಿ ಜೆಎಸ್‌ಡಬ್ಲ್ಯುನಲ್ಲಿ ಶೇ 15ರ ಸಮೀಪದ ಪಾಲು ಪಡೆದು, ವಾಹನಗಳಿಗೆ ಬೇಕಾದ ಉನ್ನತ ದರ್ಜೆಯ ಉಕ್ಕಿನ ತಂತ್ರಜ್ಞಾನದಲ್ಲಿ ಸಹಭಾಗಿಯಾಯಿತು. ಟ್ರಾನ್ಸ್‌ಫಾರ್ಮರಿನ ಒಳಗೆ ಬಳಸುವ ಸಿಲಿಕಾನ್ ಬೆರೆತ ವಿದ್ಯುತ್ ಉಕ್ಕನ್ನು ಬಳ್ಳಾರಿಯಲ್ಲಿ ತಯಾರಿಸಲು ಈ ಎರಡೂ ಕಂಪನಿಗಳು 2023ರಲ್ಲಿ ಜಂಟಿ ಉದ್ಯಮವನ್ನು ಘೋಷಿಸಿದವು.

ಕೊಪ್ಪಳ ಜಿಲ್ಲೆಯ ಗಿಣಿಗೇರಾದಲ್ಲಿ ಕಲ್ಯಾಣಿ ಸ್ಟೀಲ್ಸ್ ಮತ್ತು ಮುಕುಂದ್ ಕಂಪನಿಗಳು ಕೂಡಿ ಕಟ್ಟಿದ ಹಾಸ್ಪೆಟ್ ಸ್ಟೀಲ್ಸ್ ಘಟಕ ಮಿಶ್ರಲೋಹದ ಉಕ್ಕಿಗೆ ಹೆಸರಾಗಿದೆ. ವಾಹನಗಳ ಕ್ರ್ಯಾಂಕ್ ಶಾಫ್ಟ್, ಆ್ಯಕ್ಸಲ್‌ಗಳಂಥ ಭಾಗಗಳಿಗೆ ಒದಗುವುದು ಈ ಬಗೆಯ ಉಕ್ಕು. ಪ್ರತಿ ಸುತ್ತಿನಲ್ಲೂ ತಿರುಚು ಬಲವನ್ನು ತಾಳಬೇಕಾದ ಇಂಥ ಭಾಗಗಳಿಗೆ ಕಲಕಿದ ಎರಕವೇ ಶ್ರೇಯಸ್ಕರ.

ಸಂಶೋಧನೆಯ ಮಟ್ಟದಲ್ಲೂ ರಾಜ್ಯದ ಕೊಡುಗೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಪ್ರದೀಪ್ ದತ್ತ ಮತ್ತು ಸಹೋದ್ಯೋಗಿಗಳು ಅಲ್ಯೂಮಿನಿಯಮ್ ಮಿಶ್ರಲೋಹವನ್ನು ವಿದ್ಯುತ್ಕಾಂತದಿಂದ ಕಲಕುತ್ತ ಅರೆಘನ ಸ್ಥಿತಿಯಲ್ಲಿ ಎರಕ ಹೊಯ್ಯುವ ವಿಧಾನವನ್ನು ಪ್ರಯೋಗ ಮತ್ತು ಗಣಕ ಲೆಕ್ಕಾಚಾರ ಎರಡರಿಂದಲೂ ಅಧ್ಯಯನ ಮಾಡಿದ್ದಾರೆ. ಲೋಹ ಬೇರೆಯಾದರೂ ಟೊಂಗೆಯ ಹರಳನ್ನು ದುಂಡಗಿನ ಹರಳಾಗಿಸುವ ತತ್ತ್ವ ಒಂದೇ.

ಕಲಬುರಗಿಗೂ ಈ ಶಾಸ್ತ್ರದ ನಂಟಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಗಣಿತಜ್ಞ ಎನ್. ರುದ್ರಯ್ಯನವರ ಸಂಶೋಧನೆಯ ಮುಖ್ಯ ಕ್ಷೇತ್ರಗಳಲ್ಲೊಂದು ಕಾಂತಕ್ಷೇತ್ರದಲ್ಲಿ ವಾಹಕ ದ್ರವಗಳ ಹರಿವು. ಹಾರ್ಟ್‌ಮನ್ ಹರಿವನ್ನು ಸರಂಧ್ರ ತಳದ ಸಂದರ್ಭಕ್ಕೆ ವಿಸ್ತರಿಸಿ ಅವರೂ ಸಂಗಡಿಗರೂ 1970ರ ದಶಕದಲ್ಲಿ ಪ್ರಕಟಿಸಿದ ಪ್ರಬಂಧವಿದೆ. ಕುಲುಮೆಯಿಲ್ಲದ ಊರಿನಲ್ಲೂ ಕುಲುಮೆಗೆ ಬೇಕಾದ ಗಣಿತ ಬೆಳೆಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಹಳಿಗೆ ಅಗತ್ಯ, ಸರಳಿಗೆ ಅಷ್ಟಿಲ್ಲ

ಭಾರತೀಯ ರೈಲ್ವೆಗೆ ಹಳಿಗಳನ್ನು ಪ್ರಧಾನವಾಗಿ ಪೂರೈಸುವುದು ಛತ್ತೀಸಗಡದ ಭಿಲಾಯಿ ಉಕ್ಕು ಕಾರ್ಖಾನೆ. ಹಳಿಯ ಉಕ್ಕಿನಲ್ಲಿ ಇಂಗಾಲ ಶೇ 0.6ರಿಂದ 0.8ರಷ್ಟಿರುತ್ತದೆ. ಇಂಗಾಲ ಹೆಚ್ಚಿದಷ್ಟೂ ನಡುವಿನಲ್ಲಿ ಅದು ಗುಂಪುಗೂಡುವ ಪ್ರವೃತ್ತಿಯೂ ಹೆಚ್ಚು. ಬ್ಲೂಮನ್ನು ಉರುಳಿಸಿ ಹಳಿ ಮಾಡಿದಾಗ ಅದರ ನಟ್ಟನಡುವಿನ ಲೋಹ ಬಹುಪಾಲು ಹಳಿಯ ತಲೆ ಮತ್ತು ಪಾದಗಳನ್ನು ಕೂಡಿಸುವ ನಡುಗೋಡೆಯಲ್ಲಿ ಉಳಿಯುತ್ತದೆ. ಅಲ್ಲಿ ಭಿದುರವಾದ ಎಳೆಯೊಂದು ಇದ್ದರೆ ಕಾಲಾನಂತರ ಸೀಳುವ ಅಪಾಯವಿದೆ. ಹೀಗಾಗಿ ಹಳಿ, ಗಾಲಿ, ಆ್ಯಕ್ಸಲ್, ಸ್ಪ್ರಿಂಗ್, ಬೇರಿಂಗ್ ಮತ್ತು ತಂತಿಗಳ ಉಕ್ಕಿಗೆ ಕಲಕುವಿಕೆ ಮಹತ್ವದ್ದು. ಕಾರ್ಖಾನೆಯಲ್ಲೂ, ಹಾಸಿದ ಮೇಲೂ ಹಳಿಗಳನ್ನು ಶ್ರವಣಾತೀತ ತರಂಗಗಳಿಂದ ಪರೀಕ್ಷಿಸುವುದು ಉಳಿದಿರಬಹುದಾದ ದೋಷಗಳನ್ನು ಹುಡುಕಲು.

ಕಟ್ಟಡದ ಸರಳಿನ ಮಾತು ಬೇರೆ. ಅದರಲ್ಲಿ ಇಂಗಾಲ ಕಡಿಮೆ, ಬಿಲ್ಲೆಟ್ ಸಣ್ಣದು. ಆದ್ದರಿಂದ ಹಲವು ಘಟಕಗಳಲ್ಲಿ ಕಲಕು ಯಂತ್ರವಿಲ್ಲದೆಯೇ ಸರಳಿನ ಬಿಲ್ಲೆಟ್‌ಗಳು ತಯಾರಾಗುತ್ತವೆ. ಅದೊಂದೇ ಕಾರಣಕ್ಕೆ ಸರಳು ಕಳಪೆಯೆನ್ನಲಾಗದು. ಮನೆ ಕಟ್ಟುವವರು ಗಮನಿಸಬೇಕಾದುದು ಐಎಸ್ 1786 ಮಾನಕದ ಗುರುತು, ದರ್ಜೆ ಮತ್ತು ಪರೀಕ್ಷಾ ಪತ್ರ. ಎಫ್ಇ 500ಡಿ ದರ್ಜೆಯ ಸರಳಿನಲ್ಲಿ ಇಂಗಾಲ ಶೇ 0.25 ಮೀರಬಾರದು, ಗಂಧಕ ಮತ್ತು ರಂಜಕ ತಲಾ ಶೇ 0.040ರೊಳಗಿರಬೇಕು. ಮೂಲ ಉಕ್ಕಿನಲ್ಲೇ ಗಂಧಕ, ರಂಜಕ ಅಧಿಕವಾಗಿದ್ದರೆ ಯಾವ ಕಾಂತವೂ ಅದನ್ನು ಹೊರಹಾಕದು.

ಮಿತಿಗಳೂ ಇವೆ

ಕಾಂತ ಸರ್ವರೋಗಕ್ಕೂ ಮದ್ದಲ್ಲ. ಅತಿಯಾಗಿ ಕಲಕಿದರೆ ಅಚ್ಚಿನ ಮೇಲ್ಮೈ ಏರುಪೇರಾಗಿ, ಯಾವ ಪುಡಿಯನ್ನು ಹೊರಗಿಡಬೇಕಿತ್ತೋ ಅದೇ ಒಳಸೇರುತ್ತದೆ. ಬಿರುಸಾದ ಹರಿವು ಹರಳುಗಳ ನಡುವಿನ ದ್ರವವನ್ನು ತೊಳೆದೊಯ್ದರೆ ಆ ಜಾಗದಲ್ಲಿ ಇಂಗಾಲ ಕಡಿಮೆಯಾಗಿ ಬಿಳಿಯ ಪಟ್ಟಿಯೊಂದು ಉಳಿಯುತ್ತದೆ. ಕಾಂತದ ಬ್ರೇಕ್ ಅತಿಯಾದರೆ ಬಿಸಿ ಉಕ್ಕು ಮೇಲ್ಮೈಗೆ ತಲುಪದೆ ಅಲ್ಲಿ ತಾಪ ಇಳಿದು, ರಕ್ಷಣೆಯ ಪುಡಿ ಸರಿಯಾಗಿ ಕರಗುವುದಿಲ್ಲ. ಬ್ರೇಕನ್ನು ತಪ್ಪಾದ ಎತ್ತರದಲ್ಲಿಟ್ಟರೆ ಧಾರೆ ತಗ್ಗುವ ಬದಲು ಬೇರೆಡೆಗೆ ತಿರುಗಿ ಹೊಸ ತೊಂದರೆ ತರುತ್ತದೆ. ಉಕ್ಕಿನ ದರ್ಜೆ, ಎಳೆಯುವ ವೇಗ, ಅಚ್ಚಿನ ಅಗಲ ಬದಲಾದಂತೆ ಕಾಂತದ ಬಲವನ್ನೂ ಬದಲಿಸಬೇಕು. ವಿದ್ಯುತ್ ವೆಚ್ಚ, ಸುರುಳಿಗಳನ್ನು ತಣಿಸಲು ಬೇಕಾದ ಶುದ್ಧ ನೀರು ಮತ್ತು ಮೂಲ ಬಂಡವಾಳ ಸಣ್ಣ ಘಟಕಗಳಿಗೆ ಭಾರವಾಗುತ್ತವೆ.

ಇನ್ನೊಂದು ಕಷ್ಟವೆಂದರೆ ಒಳಗೆ ನಡೆಯುವುದನ್ನು ನೋಡಲಾಗದು. ನೀರಿನ ಮತ್ತು ದ್ರವ ಉಕ್ಕಿನ ಹರಿಯುವ ಗುಣಗಳಲ್ಲಿ ಸಾಮ್ಯವಿರುವುದರಿಂದ ಪಾರದರ್ಶಕ ಮಾದರಿಗಳಲ್ಲಿ ನೀರು ಹರಿಸಿ ಧಾರೆಯನ್ನು ಅಭ್ಯಸಿಸುವುದು ರೂಢಿ. ಆದರೆ ನೀರಿನ ಮೇಲೆ ಕಾಂತದ ಪ್ರಭಾವ ನಗಣ್ಯ. ಅದಕ್ಕಾಗಿ ಜರ್ಮನಿಯ ಡ್ರೆಸ್ಡೆನ್ ಬಳಿಯ ಹೆಲ್ಮ್‌ಹೋಲ್ಟ್ಸ್ ಕೇಂದ್ರದಂಥ ಪ್ರಯೋಗಾಲಯಗಳಲ್ಲಿ ಕಡಿಮೆ ತಾಪದಲ್ಲೇ ದ್ರವವಾಗಿರುವ ಗ್ಯಾಲಿಯಮ್, ಇಂಡಿಯಮ್, ತವರದ ಮಿಶ್ರಲೋಹವನ್ನು ಬಳಸಿ ಪರೀಕ್ಷೆ ನಡೆಸುತ್ತಾರೆ. ಅದರ ಫಲಿತಾಂಶವನ್ನು ಗಣಕದ ಲೆಕ್ಕದೊಂದಿಗೆ ಹೋಲಿಸಿ, ಬಳಿಕ ಕಾರ್ಖಾನೆಗೆ ಅನ್ವಯಿಸಲಾಗುತ್ತದೆ.

ಈ ಭಾಗಕ್ಕೆ ಏಕೆ ಮುಖ್ಯ?

ಕಲ್ಯಾಣ ಕರ್ನಾಟಕದ ನೆಲದಲ್ಲಿ ಸಂಡೂರು, ಬಳ್ಳಾರಿಯ ಕಬ್ಬಿಣದ ಅದಿರಿದೆ. ಅದಿರನ್ನು ಅದಿರಾಗಿಯೇ ಮಾರುವುದಕ್ಕೂ, ಸರಳು ಮಾಡಿ ಮಾರುವುದಕ್ಕೂ, ಕಾರು ಇಲ್ಲವೇ ಟ್ರಾನ್ಸ್‌ಫಾರ್ಮರಿಗೆ ಬೇಕಾದ ಉಕ್ಕಾಗಿಸಿ ಮಾರುವುದಕ್ಕೂ ಬೆಲೆಯಲ್ಲಿ ಅಜಗಜಾಂತರವಿದೆ. ಆ ಅಂತರವನ್ನು ದಾಟಿಸುವ ಮೆಟ್ಟಿಲುಗಳಲ್ಲಿ ಎರಕದ ಮೇಲಿನ ಹತೋಟಿಯೂ ಒಂದು. ಇದಕ್ಕೆ ಬೇಕಾದುದು ಲೋಹಶಾಸ್ತ್ರ, ವಿದ್ಯುತ್ ಯಂತ್ರ, ದ್ರವಗಳ ಗಣಿತ ಮತ್ತು ಗಣಕ ಲೆಕ್ಕಾಚಾರ ಬಲ್ಲ ಜನ. ಕಲಬುರಗಿಯಲ್ಲಿ 1958ರಿಂದ ನಡೆಯುತ್ತಿರುವ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು, 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಗಳು ಇರುವಾಗ ಅಂಥವರನ್ನು ರೂಪಿಸುವುದು ಈ ಭಾಗಕ್ಕೆ ಅಸಾಧ್ಯವೇನಲ್ಲ. ಅದಿರು ಇಲ್ಲಿಯದು, ಕಾರ್ಖಾನೆಯೂ ಇಲ್ಲಿಯದು. ಅಚ್ಚಿನ ಪಕ್ಕದ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಕಾಂತದ ಬಲವನ್ನು ನಿರ್ಧರಿಸುವವರೂ ಇಲ್ಲಿಯವರಾದರೆ ಆ ಬೆಲೆಯ ಒಂದು ಪಾಲು ಇಲ್ಲಿಯ ಮನೆಗಳಲ್ಲೇ ಉಳಿಯುತ್ತದೆ.